ಪೆನ್ ಡ್ರೈವ್ ಚೀಲ, ಕಣಜ ಅಲ್ಲ

ನಾಲ್ಕು ವರ್ಷದ ಲೆಕ್ಕ ನಂದು. ಗೊಬ್ಬರ, ಆಳುಗಳ ಕೂಲಿ, ಡ್ರಿಪ್ ಪೈಪಿನ ಬಿಲ್ಲು, ಮಣ್ಣು ಪರೀಕ್ಷೆ ವರದಿ, ಪಹಣಿ, ಬೋರ್‌ವೆಲ್ ವಿವರ, ಟೊಮೆಟೊ ಯಾವ ದಿನ ಎಷ್ಟು ಬಾಕ್ಸ್ ಯಾವ ರೇಟಿಗೆ ಹೋಯ್ತು ಅನ್ನೋದು, ಎಲ್ಲಾ ಒಂದೇ ಒಂದು 16 ಜಿಬಿ ಪೆನ್ ಡ್ರೈವ್‌ನಲ್ಲಿತ್ತು. ಮಕ್ಕಳು ಗೇಮ್ ಆಡ್ತಾ ಏನಾದ್ರೂ ಅಳಿಸಿಬಿಟ್ಟಾರು ಅಂತ ಮನೆ ಕಂಪ್ಯೂಟರ್‌ನಿಂದ ನಾನೇ ತೆಗೆದು ಅದಕ್ಕೆ ಹಾಕಿದ್ದೆ. ಬಲು ಜಾಣ ಅಂದ್ಕೊಂಡಿದ್ದೆ.

ಬೆಳೆ ಸಾಲಕ್ಕೆ ಕಾಗದ ಬೇಕಿತ್ತು. ಪೇಟೆಯ ಒಂದು ಜೆರಾಕ್ಸ್ ಅಂಗಡಿಗೆ ಹೋಗಿ ಅದೇ ಪೆನ್ ಡ್ರೈವ್ ಕೊಟ್ಟೆ. ಎರಡು ಪುಟ ಪ್ರಿಂಟ್ ಆಯ್ತು. ರಾತ್ರಿ ಮನೇಲಿ ಹಾಕಿ ನೋಡಿದ್ರೆ ಒಂದು ಫೋಲ್ಡರ್ ಕೂಡ ಇಲ್ಲ, ಅದೇ ಹೆಸರಿನ ಶಾರ್ಟ್‌ಕಟ್‌ಗಳು ಸಾಲಾಗಿ ನಿಂತಿವೆ. ಎಲ್ಲಾ ಹೋಯ್ತು ಅಂತ ಸಿಟ್ಟಿನಲ್ಲಿ ಫಾರ್ಮ್ಯಾಟ್ ಮಾಡ್ದೆ. ಅಷ್ಟಕ್ಕೇ ಬಿಡ್ಲಿಲ್ಲ, ಟ್ರ್ಯಾಕ್ಟರ್‌ನಲ್ಲಿ ಕೇಳೋಕೆ ಅದರ ತುಂಬ ಹಾಡು ತುಂಬಿಸಿದೆ.

ಆಮೇಲೆ ಗೊತ್ತಾಯ್ತು, ಈ ತರದ ವೈರಸ್ ಸಾಮಾನ್ಯವಾಗಿ ಫೈಲನ್ನು ಅಳಿಸೋದಿಲ್ಲ, ಬಚ್ಚಿಡುತ್ತೆ ಅಷ್ಟೇ. ಶಾರ್ಟ್‌ಕಟ್ ಮೇಲೆ ಕ್ಲಿಕ್ ಮಾಡದೆ, ಮೊದಲು ಆಂಟಿವೈರಸ್‌ನಿಂದ ಸ್ಕ್ಯಾನ್ ಮಾಡಿ, ಆಮೇಲೆ ಫೋಲ್ಡರ್‌ನ ‘ವ್ಯೂ’ ಒಳಗೆ ‘ಹಿಡನ್ ಐಟಮ್ಸ್’ ಆನ್ ಮಾಡಿದ್ರೆ ಎಷ್ಟೋ ಸಲ ಫೈಲು ಮಸುಕಾಗಿ ಕಾಣಿಸುತ್ತವೆ. ಕಾಣದಿದ್ದರೂ ಗೊತ್ತಿರೋರ ಹತ್ರ ತೆಗೆಸಬಹುದು. ಫಾರ್ಮ್ಯಾಟ್ ಆದಮೇಲೂ, ಬೇರೇನೂ ತುಂಬಿಸದೆ ಹಾಗೇ ಇಟ್ಟಿದ್ರೆ ರಿಕವರಿ ಸಾಫ್ಟ್‌ವೇರ್‌ನಿಂದ ಒಂದಷ್ಟಾದರೂ ಸಿಗುವ ಸಾಧ್ಯತೆ ಇತ್ತು. ಅದನ್ನೂ ನಾನು ಹಾಡು ಹಾಕಿ ಮುಚ್ಚಿಬಿಟ್ಟೆ.

ಅಂಗಡಿಯವರನ್ನ ಬೈದು ಪ್ರಯೋಜನ ಇಲ್ಲ. ದಿನಕ್ಕೆ ಎಷ್ಟೋ ಜನರ ಪೆನ್ ಡ್ರೈವ್ ಅಲ್ಲಿ ಹೊಕ್ಕು ಹೊರಡುತ್ತೆ. ನನ್ನ ವಾದ ಇಷ್ಟೇ: ನಮ್ಮ ಹುಡುಗರು ಪೆನ್ ಡ್ರೈವನ್ನ ಕಣಜ ಅಂದ್ಕೊಂಡಿದ್ದೀವಿ, ಅದು ಸಾಗಿಸೋ ಚೀಲ. ಅದರ ಚಿಪ್ಪಿನಲ್ಲಿ ಮಾಹಿತಿ ನಿಲ್ಲೋದು ವಿದ್ಯುತ್ ಕಣಗಳ ರೂಪದಲ್ಲಿ. ವರ್ಷಗಟ್ಟಲೆ ಬೀರುವಿನಲ್ಲಿ ಬಿದ್ದಿದ್ರೆ ಅವು ಸೋರಿ ಹೋಗಬಹುದು. ಬರೆದು ಅಳಿಸಿ ಬರೆಯೋದಕ್ಕೂ ಒಂದು ಮಿತಿ ಇದೆ. ಇನ್ನು ಸಂತೆಯಲ್ಲಿ 200–300 ರೂಪಾಯಿಗೆ ‘2 ಟಿಬಿ’ ಅಂತ ಮಾರೋದನ್ನಂತೂ ಮುಟ್ಟಬೇಡಿ. ತುಂಬಾ ಇದೆ ಅಂತ ತೋರಿಸುತ್ತೆ, ಒಳಗೆ ಸ್ವಲ್ಪವೇ ಇರುತ್ತೆ, ತುಂಬಿದ ಮೇಲೆ ಹಾಕಿದ ಫೈಲು ಹಾಳು.

ಈಗ ನಾನು ಲೆಕ್ಕದ ಅಸಲು ಪ್ರತಿ ಕಂಪ್ಯೂಟರ್‌ನಲ್ಲೇ ಇಡ್ತೀನಿ, ಮಕ್ಕಳಿಗೆ ಬೇರೆ ಲಾಗಿನ್ ಮಾಡಿಕೊಟ್ಟಿದ್ದೀನಿ. ತಿಂಗಳಿಗೊಮ್ಮೆ ಒಂದು ಪೆನ್ ಡ್ರೈವ್‌ಗೆ ನಕಲು ಹಾಕ್ತೀನಿ, ಅದು ಮನೆ ಹೊಸಿಲು ದಾಟಲ್ಲ. ಪೇಟೆಗೆ ಹೋಗೋಕೆ ಬೇರೆ 8 ಜಿಬಿದು, ಅದರಲ್ಲಿ ಅವತ್ತು ಪ್ರಿಂಟ್ ಆಗಬೇಕಾದ ಕಾಗದ ಮಾತ್ರ. ವಾಪಸ್ ಬಂದಾಗ ಸ್ಕ್ಯಾನ್ ಮಾಡದೆ ತೆರೆಯಲ್ಲ. ಕಾಪಿ ಆಗ್ತಿರುವಾಗ ಕಿತ್ತುಕೊಳ್ಳಬೇಡಿ, ‘ಇಜೆಕ್ಟ್’ ಒತ್ತಿ ತೆಗೀರಿ. ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ಲ, ಯುಪಿಎಸ್ ಇಲ್ಲದಿದ್ರೆ ಅರ್ಧಕ್ಕೆ ನಿಂತು ಫೈಲು ಕೆಡುತ್ತೆ. ದೊಡ್ಡ ವಿಡಿಯೋ ಹೋಗ್ತಿಲ್ಲ, ಪೆನ್ ಡ್ರೈವ್ ಕೆಟ್ಟಿದೆ ಅಂತ ಕೆಲವರು ಬಿಸಾಡ್ತಾರೆ. ಅದು ‘ಫ್ಯಾಟ್32’ ಆಗಿದ್ರೆ 4 ಜಿಬಿಗಿಂತ ದೊಡ್ಡ ಫೈಲು ಹಿಡಿಯಲ್ಲ. ಒಳಗಿರೋದನ್ನ ತೆಗೆದಿಟ್ಟು ‘ಎಕ್ಸ್‌ಫ್ಯಾಟ್’ಗೆ ಫಾರ್ಮ್ಯಾಟ್ ಮಾಡಿದ್ರೆ ಆಯ್ತು.

ಗೂಗಲ್ ಡ್ರೈವ್ ಇದೆಯಲ್ಲ ಅಣ್ಣಾ ಅಂತೀರಿ. ಇದೆ, ಲೆಕ್ಕದ ಫೈಲಿಗೆ ನಾನೂ ಬಳಸ್ತೀನಿ. ಆದ್ರೆ ಪುಕ್ಕಟೆ ಸಿಗೋ 15 ಜಿಬಿಯಲ್ಲೇ ಜಿಮೇಲ್, ಫೋಟೋ ಎಲ್ಲಾ ಸೇರಿರುತ್ತೆ. ತೋಟದ ಫೋಟೋ, ವಿಡಿಯೋಗೆ ಬೇಗ ತುಂಬಿಹೋಗುತ್ತೆ.

ಪಹಣಿ ಮತ್ತೆ ತೆಗೆಸಿದೆ. ಬೋರ್‌ವೆಲ್ ಆಳ, ಎಷ್ಟು ಅಡಿಗೆ ನೀರು ಬಂತು ಅನ್ನೋದು ಅಪ್ಪನ ಹಳೇ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿತ್ತು, ಸಿಕ್ತು. ನಾಲ್ಕು ವರ್ಷದ ಟೊಮೆಟೊ ರೇಟು ಮಾತ್ರ ಯಾರ ಹತ್ರಾನೂ ಇಲ್ಲ.