ಹೊರಹೋಗಬೇಕಾದದ್ದು ಮೊಬೈಲ್, ಮಗಳಲ್ಲ

ತರಗತಿಯಲ್ಲಿ ಮೊಬೈಲ್ ಸಿಕ್ಕಿಬಿದ್ದರೆ ನಮ್ಮ ಅನೇಕ ಮನೆಗಳಲ್ಲಿ ಎರಡು ಬಗೆಯ ತೀರ್ಪು ಹೊರಬೀಳುತ್ತದೆ. ತಪ್ಪು ಮಗನದ್ದಾದರೆ ಎರಡು ಬೈಗುಳ; ಮಗಳದ್ದಾದರೆ ಓದಿಗೇ ಪೂರ್ಣವಿರಾಮ. ತಿಕೋಟಾ, ಬಬಲೇಶ್ವರಗಳಿಂದ ಬಸ್ಸು ಹಿಡಿದು ವಿಜಯಪುರದ ಕಾಲೇಜುಗಳಿಗೆ ಬರುವ ಹೆಣ್ಣುಮಕ್ಕಳ ಪಾಲಿಗೆ ಇದು ಶಿಸ್ತಿನ ಪ್ರಶ್ನೆಯಷ್ಟೇ ಅಲ್ಲ, ಭವಿಷ್ಯದ ಪ್ರಶ್ನೆ.

ತರಗತಿಯೊಳಗಿನ ಮೊಬೈಲ್ ಕಲಿಕೆಯನ್ನು ಕೆಡಿಸುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಒಮ್ಮೆ ಚದುರಿದ ಗಮನ ಪಾಠಕ್ಕೆ ಮರಳಲು 20 ನಿಮಿಷಗಳವರೆಗೆ ಬೇಕಾಗಬಹುದೆಂದು ಯುನೆಸ್ಕೋದ 2023ರ ಜಾಗತಿಕ ಶಿಕ್ಷಣ ವರದಿ ಎಚ್ಚರಿಸಿದೆ. ಮುಕ್ಕಾಲು ಗಂಟೆಯ ಪಾಠದಲ್ಲಿ ಮತ್ತೆ ಉಳಿಯುವುದೇನು? ಇಂಗ್ಲೆಂಡಿನ ನಾಲ್ಕು ನಗರಗಳ ಶಾಲೆಗಳನ್ನು ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನವು ಇನ್ನೊಂದು ಸತ್ಯವನ್ನು ತೋರಿಸಿತು: ಮೊಬೈಲ್ ನಿಷೇಧದಿಂದ ಅತಿ ಹೆಚ್ಚು ಲಾಭವಾದದ್ದು ಹಿಂದುಳಿದ ವಿದ್ಯಾರ್ಥಿಗಳಿಗೆ. ಟ್ಯೂಷನ್‌ಗೆ ಹಣ ತೆರಬಲ್ಲವರ ಮಗು ಹೇಗೋ ಪಾರಾದೀತು. ದ್ರಾಕ್ಷಿ ತೋಟದ ಕೂಲಿಕಾರನ ಮಗುವಿಗೆ ತರಗತಿಯ ಹೊರತು ಬೇರೆ ಆಸರೆ ಎಲ್ಲಿದೆ?

2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದೇ ಮೊಬೈಲ್ ಮಕ್ಕಳ ಕೈಸೇರಿತು. ಆಗ ಅದು ಅನಿವಾರ್ಯವಾಗಿತ್ತು. ಶಾಲೆಗಳು ತೆರೆದ ಮೇಲೆ ಆ ಅನಿವಾರ್ಯತೆ ಮುಗಿಯಿತು. ಚಟ ಮಾತ್ರ ಉಳಿಯಿತು.

ಆದರೆ ರೋಗಕ್ಕೆ ಮದ್ದು ಕೊಡುವ ಬದಲು ರೋಗಿಯನ್ನೇ ಮನೆಯಿಂದ ಹೊರಹಾಕುವುದು ಯಾವ ನ್ಯಾಯ? 2022ರಲ್ಲಿ ಹಿಜಾಬಿನ ನೆಪದಲ್ಲಿ ನಮ್ಮ ಹೆಣ್ಣುಮಕ್ಕಳನ್ನು ಕಾಲೇಜಿನ ಗೇಟಿನ ಹೊರಗೆ ನಿಲ್ಲಿಸಿದಾಗ, ಶಿಕ್ಷಣ ಅವರ ಹಕ್ಕೆಂದು ನಾವು ಒಕ್ಕೊರಲಿನಿಂದ ಸಾರಿದೆವು. ಸರಕಾರ ಮುಚ್ಚಿದರೆ ಅನ್ಯಾಯವಾಗುವ ಬಾಗಿಲು, ತಂದೆಯೋ ಅಣ್ಣನೋ ಮುಚ್ಚಿದರೆ ನ್ಯಾಯವಾಗುವುದೇ? ವಿದ್ಯಾರ್ಜನೆಯನ್ನು ಕಡ್ಡಾಯಗೊಳಿಸಿದ ಇಸ್ಲಾಮ್ ಅದರಲ್ಲಿ ಗಂಡು-ಹೆಣ್ಣೆಂಬ ಭೇದವನ್ನು ಎಣಿಸಿಲ್ಲ.

ಮೊಬೈಲ್ ಬಂದ್ ಮಾಡಿರೆಂಬ ಫಲಕ ನಮ್ಮ ಮಸೀದಿಗಳಲ್ಲಿ ಹೊಸದೇನಲ್ಲ. ಅದಕ್ಕೆ ಯಾರ ಆಕ್ಷೇಪವೂ ಇಲ್ಲ. ಮೊಬೈಲ್ ತಂದವನನ್ನು ನಮಾಝಿನಿಂದ ಯಾರೂ ತಡೆಯುವುದೂ ಇಲ್ಲ. ಇದೇ ವಿವೇಕ ತರಗತಿಗೂ ಬರಲಿ. ಬೆಳಗ್ಗೆ ಒಪ್ಪಿಸಿದ ಮೊಬೈಲ್ ಸಂಜೆ ಮರಳಿ ಸಿಗುವ ವ್ಯವಸ್ಥೆಯನ್ನು ಸಮುದಾಯದ ವಿದ್ಯಾಸಂಸ್ಥೆಗಳೇ ಮೊದಲು ಮಾಡಲಿ. ನಿಯಮ ಗಂಡುಮಕ್ಕಳಿಗೂ ಅನ್ವಯಿಸಲಿ, ಪಾಠ ಮಾಡುವ ಅಧ್ಯಾಪಕರಿಗೂ ಅನ್ವಯಿಸಲಿ. ತುರ್ತು ಸಂಗತಿಯಿದ್ದರೆ ಪಾಲಕರು ಕಾಲೇಜಿನ ಕಚೇರಿಗೆ ಕರೆ ಮಾಡಲಿ. ಊಟದ ಹೊತ್ತಿನಲ್ಲೂ ಮೊಬೈಲ್ ಕೆಳಗಿಡದ ತಂದೆಗೆ ಮಗಳನ್ನು ವಿಚಾರಿಸುವ ನೈತಿಕ ಹಕ್ಕು ಎಷ್ಟಿದೆ ಎಂಬುದನ್ನೂ ಮನೆಮನೆಗಳಲ್ಲಿ ಚಿಂತಿಸಬೇಕಾಗಿದೆ.