ಒಡೆಯರಪಾಳ್ಯದ ಟಿಬೆಟನ್ನರು: ನೆಲೆ ಗೊತ್ತುಪಡಿಸಿದ್ದು ಸರ್ಕಾರ, ಬಿಡುವ ನಿರ್ಧಾರ ಮಕ್ಕಳದು

ಕೊಳ್ಳೇಗಾಲ: ದುಡಿಮೆಗಾಗಿ ನೆರೆಯ ದೇಶಕ್ಕೆ ಹೋಗುವವನು ಊರನ್ನು ಅಳೆದು ತೂಗಿ ಆರಿಸುತ್ತಾನೆ. ಬಾಡಿಗೆ ಎಷ್ಟು, ಶಾಲೆ ಹೇಗಿದೆ, ತನ್ನವರು ಅಲ್ಲಿ ಇದ್ದಾರೆಯೇ ಎಂದು ವಿಚಾರಿಸುತ್ತಾನೆ. ಜೀವ ಉಳಿಸಿಕೊಳ್ಳಲು ಗಡಿ ದಾಟಿ ಬಂದವನಿಗೆ ಈ ಭಾಗ್ಯವಿಲ್ಲ. ಅವನ ಊರನ್ನು ಬೇರೆ ಯಾರೋ ಗೊತ್ತುಪಡಿಸುತ್ತಾರೆ. ಹನೂರು ತಾಲ್ಲೂಕಿನ ಒಡೆಯರಪಾಳ್ಯದ ಬಳಿಯ ಧೋಂಡೆನ್‌ಲಿಂಗ್ ಟಿಬೆಟನ್ ವಸತಿ ಹೀಗೆ ಹುಟ್ಟಿಕೊಂಡದ್ದು. ಅರ್ಧ ಶತಮಾನ ಕಳೆದ ಮೇಲೆ, ಅಂದು ತಂದೆ-ತಾಯಿಗೆ ದೊರೆಯದ ಆ ಆಯ್ಕೆ ಇಂದು ಮಕ್ಕಳ ಮುಂದೆ ನಿಂತಿದೆ. ಅವರು ಒಬ್ಬೊಬ್ಬರಾಗಿ ಹೊರಡುತ್ತಿದ್ದಾರೆ. ಆ ಹೊರಡುವಿಕೆಯ ಪರಿಣಾಮ ಅವರಿಗೆ ಮಾತ್ರ ಸೀಮಿತವಲ್ಲ, ಸುತ್ತಲಿನ ಹಳ್ಳಿಗಳಿಗೂ ತಟ್ಟುವಂಥದು.

1959ರ ಮಾರ್ಚ್ 17ರ ರಾತ್ರಿ ಲ್ಹಾಸಾ ತೊರೆದ ದಲೈ ಲಾಮಾ ಅದೇ ತಿಂಗಳ 31ರಂದು ಭಾರತದ ನೆಲ ತುಳಿದರು. ಅವರ ಬೆನ್ನಿಗೆ ಸಾವಿರಾರು ಕುಟುಂಬಗಳು ಬಂದವು. ಸಮುದ್ರ ಮಟ್ಟದಿಂದ 3,650 ಮೀಟರ್ ಎತ್ತರದಲ್ಲಿದ್ದ ಜನರು ಬಯಲಿನ ಸೆಕೆಯಲ್ಲಿ ನರಳಿದರು. ಅನೇಕರು ಹಿಮಾಲಯದ ಇಳಿಜಾರುಗಳಲ್ಲಿ ರಸ್ತೆ ನಿರ್ಮಾಣದ ಕೂಲಿಗಳಾಗಿ ವರ್ಷಗಟ್ಟಲೆ ಕಲ್ಲು ಒಡೆದರು. ಅವರನ್ನು ಒಂದೆಡೆ ನೆಲೆಗೊಳಿಸಲು ಭೂಮಿ ಕೊಡಿ ಎಂದು ಪ್ರಧಾನಿ ಜವಾಹರಲಾಲ್ ನೆಹರೂ ರಾಜ್ಯಗಳನ್ನು ಕೇಳಿಕೊಂಡಾಗ ಉದಾರವಾಗಿ ಓಗೊಟ್ಟದ್ದು ಅಂದಿನ ಮೈಸೂರು ರಾಜ್ಯ. ಎಸ್. ನಿಜಲಿಂಗಪ್ಪನವರ ಹೆಸರನ್ನು ಟಿಬೆಟನ್ನರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ.

ಮೊದಲು ಬೈಲಕುಪ್ಪೆ, 1966ರಲ್ಲಿ ಮುಂಡಗೋಡು, 1969ರಲ್ಲಿ ಬೈಲಕುಪ್ಪೆಯಲ್ಲಿಯೇ ಎರಡನೆಯ ವಸತಿ, 1972ರಲ್ಲಿ ಹುಣಸೂರಿನ ಗುರುಪುರ. ಕೊಳ್ಳೇಗಾಲದ ಸರದಿ ಬಂದದ್ದು ಕಡೆಯಲ್ಲಿ, 1970ರ ದಶಕದ ಮಧ್ಯಭಾಗದ ಹೊತ್ತಿಗೆ. ಕಡೆಯವರಿಗೆ ಉಳಿದದ್ದು ಎಂಥ ನೆಲ ಎಂಬುದನ್ನು ಈ ಸೀಮೆಯನ್ನು ಬಲ್ಲವರಿಗೆ ವಿವರಿಸಬೇಕಿಲ್ಲ. ಯಳಂದೂರಿನ ಸುವರ್ಣಾವತಿ ಬಯಲು ತಲೆಮಾರುಗಳಿಂದ ಭತ್ತದ ಗದ್ದೆ. ಕೊಳ್ಳೇಗಾಲದ ಆಸುಪಾಸಿಗೆ ಕಾವೇರಿಯ ಆಸರೆಯಿದೆ, ಪಟ್ಟಣದಲ್ಲಿ ರೇಷ್ಮೆಯ ಮಗ್ಗಗಳಿವೆ. ಬಿಡುವಿದ್ದದ್ದು ಹನೂರಿನ ಆಚೆ, ಲೊಕ್ಕನಹಳ್ಳಿ ದಾಟಿದ ಮೇಲೆ ಸಿಗುವ ಕಾಡಂಚಿನಲ್ಲಿ. ಮಳೆ ನೆಚ್ಚಿದ ಖುಷ್ಕಿ, ಸುತ್ತ ಆನೆಯ ಹಾದಿ, ಆ ಕಡೆ ತಮಿಳುನಾಡಿನ ಗಡಿ. ಅಲ್ಲಿ ಸುಮಾರು ಮೂರು ಸಾವಿರ ಎಕರೆ ಗೊತ್ತುಮಾಡಲಾಯಿತು. ಕಾಡು ಕಡಿದು, ಬುಡ ಕಿತ್ತು, ಹೊಲ ಮಾಡಿ, ಮನೆ ಕಟ್ಟಿದರು.

ಒಂದು ವಿಷಯ ಇಲ್ಲಿ ಹೇಳಲೇಬೇಕು. ಬಿಳಿಗಿರಿರಂಗನ ಬೆಟ್ಟದ ಅರಣ್ಯ ವನ್ಯಜೀವಿಧಾಮವಾದದ್ದೂ 1974ರಲ್ಲಿಯೇ. ಆ ಬಳಿಕ ಕಾಡಿನ ಒಳಗಿದ್ದ ಸೋಲಿಗರ ಪೋಡುಗಳನ್ನು ಅಂಚಿಗೆ ತರಲಾಯಿತು, ಬೇಟೆ ಮತ್ತು ಕುಮರಿ ಬೇಸಾಯ ನಿಂತವು. ನೆರೆಯ ದೇಶದಿಂದ ಬಂದವರಿಗೆ ಕಾಡು ಕಡಿಯಲು ಅನುಮತಿ ದೊರೆತ ಕಾಲದಲ್ಲಿಯೇ ಕಾಡಿನ ಮೂಲ ನಿವಾಸಿಗಳಿಗೆ ಅಲ್ಲಿ ಉಳಿಯಲು ಅನುಮತಿ ಇಲ್ಲವಾಯಿತು. ಇವೆರಡೂ ಬೇರೆ ಬೇರೆ ಇಲಾಖೆಗಳ, ಬೇರೆ ಬೇರೆ ಉದ್ದೇಶದ ನಿರ್ಧಾರಗಳು. ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳಲಾಗದು, ಟಿಬೆಟನ್ನರನ್ನು ದೂರುವುದಂತೂ ಅನ್ಯಾಯ. ಆದರೆ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಾಮುದಾಯಿಕ ಹಕ್ಕುಪತ್ರ ದೊರೆಯಲು 2011ರವರೆಗೆ ಕಾಯಬೇಕಾಯಿತು ಎಂಬುದನ್ನು ನೆನೆದರೆ, ಸರ್ಕಾರ ಯಾರಿಗೆ ಯಾವ ನೆಲೆಯನ್ನು ಎಷ್ಟು ಬೇಗ ಗೊತ್ತುಪಡಿಸುತ್ತದೆ ಎಂಬ ಪ್ರಶ್ನೆ ಎದುರಾಗುತ್ತದೆ.

ಹೊರಗಿನವರ ಆಗಮನದಿಂದ ಈ ಸೀಮೆಗೆ ಆದ ಲಾಭವನ್ನೂ ಮರೆಯುವಂತಿಲ್ಲ. ಟಿಬೆಟನ್ನರ ಪುನರ್ವಸತಿಗಾಗಿಯೇ 1968ರಲ್ಲಿ ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ ಸ್ಥಾಪನೆಯಾಯಿತು. ಜನರ ಬಾಯಲ್ಲಿ ಅದು 'ಮೈರಾಡ'. ನಿರಾಶ್ರಿತರ ಕೆಲಸ ಮುಗಿಯುತ್ತ ಬಂದಂತೆ ಸಂಸ್ಥೆ ಸುತ್ತಲಿನ ಬಡ ಹಳ್ಳಿಗಳತ್ತ ಹೊರಳಿತು. 1980ರ ದಶಕದ ಮಧ್ಯದಲ್ಲಿ ಅದು ರೂಪಿಸಿದ ಉಳಿತಾಯ ಗುಂಪುಗಳೇ ಮುಂದೆ ದೇಶದಾದ್ಯಂತ ಸ್ವಸಹಾಯ ಸಂಘಗಳೆಂದು ಹೆಸರಾದ ವ್ಯವಸ್ಥೆಯ ಮೊದಲ ಮಾದರಿಗಳಲ್ಲಿ ಸೇರಿವೆ. ಇಂದು ಹನೂರಿನ ಹೆಣ್ಣುಮಕ್ಕಳು ಸಂಘದ ಸಾಲ ಪಡೆಯುವ ಪದ್ಧತಿಯ ಬೇರನ್ನು ಹುಡುಕಿದರೆ, ಅದರ ಒಂದು ಎಳೆ ಲ್ಹಾಸಾದಿಂದ ಹೊರಟವರ ಕಥೆಯನ್ನು ಮುಟ್ಟುತ್ತದೆ.

ಊರಿನ ಜಾಗವೇ ಹಣೆಬರಹ

ಬೈಲಕುಪ್ಪೆ ಮತ್ತು ಒಡೆಯರಪಾಳ್ಯವನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ವಲಸಿಗರ ಬದುಕಿನಲ್ಲಿ ಊರಿನ ಆಯ್ಕೆಗೆ ಎಷ್ಟು ತೂಕವಿದೆ ಎಂಬುದು ಸ್ಪಷ್ಟವಾಗುತ್ತದೆ. ಬೈಲಕುಪ್ಪೆ ಇರುವುದು ಮೈಸೂರು-ಮಡಿಕೇರಿ ಹೆದ್ದಾರಿಯ ಮಗ್ಗುಲಲ್ಲಿ, ಕುಶಾಲನಗರಕ್ಕೆ ಅಂಟಿಕೊಂಡು. ಸೆರಾ, ತಾಶಿ ಲ್ಹುನ್ಪೊದಂಥ ದೊಡ್ಡ ಮಠಗಳು ಅಲ್ಲಿ ಮರುಸ್ಥಾಪನೆಯಾದವು. ನಾಮ್‌ಡ್ರೋಲಿಂಗ್ ವಿಹಾರದ ಚಿನ್ನದ ಬಣ್ಣದ ಬುದ್ಧಮೂರ್ತಿಗಳನ್ನು ಕಾಣಲು ಕೊಡಗಿಗೆ ಹೊರಟ ಪ್ರವಾಸಿಗರು ವಾಹನ ತಿರುಗಿಸುತ್ತಾರೆ. ಅಂಗಡಿ, ಹೋಟೆಲು, ವಸತಿಗೃಹ ಎಲ್ಲಕ್ಕೂ ಗಿರಾಕಿ ಸಿಗುತ್ತಾನೆ. ಮುಂಡಗೋಡಿನಲ್ಲಿ ಡ್ರೆಪುಂಗ್, ಗಾಂದೆನ್ ಮಠಗಳಿವೆ. ಸಾವಿರಾರು ಭಿಕ್ಷುಗಳಿರುವ ಊರಿಗೆ ತನ್ನದೇ ಆದ ವ್ಯಾಪಾರವಿರುತ್ತದೆ.

ಒಡೆಯರಪಾಳ್ಯದಲ್ಲಿಯೂ ಝೋಗ್‌ಚೆನ್ ಮಠವಿದೆ, ಬೆಟ್ಟದ ನೋಟವಿದೆ, ಹವೆ ತಂಪು. ಆದರೆ ಅದು ಯಾವ ದೊಡ್ಡ ಊರಿನ ದಾರಿಯಲ್ಲಿಯೂ ಇಲ್ಲ. ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಲಕ್ಷಾಂತರ ಭಕ್ತರು ಹನೂರಿನಿಂದ ಬೇರೆ ದಾರಿ ಹಿಡಿಯುತ್ತಾರೆ. ಬಿಳಿಗಿರಿ ಬೆಟ್ಟಕ್ಕೆ ಹೋಗುವವರು ಯಳಂದೂರಿನಲ್ಲಿಯೇ ತಿರುಗುತ್ತಾರೆ. ಜಿಲ್ಲೆಯ ಎರಡು ದೊಡ್ಡ ಯಾತ್ರಾಸ್ಥಳಗಳ ನಡುವೆ ಇದ್ದೂ ಎರಡರ ಜನಸಂದಣಿಯಿಂದಲೂ ಈ ವಸತಿ ಹೊರಗೆ ಉಳಿದಿದೆ.

ಇದರ ಜೊತೆಗೆ ಬಂದದ್ದು ವೀರಪ್ಪನ್ ಕಾಲ. 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ಪೊಲೀಸ್ ಅಧಿಕಾರಿಗಳಾದ ಹರಿಕೃಷ್ಣ ಮತ್ತು ಶಕೀಲ್ ಅಹಮದ್ ಹತರಾದರು. ಮರುವರ್ಷ ಪಾಲಾರ್ ಬಳಿ ನೆಲಬಾಂಬ್ ಸಿಡಿಯಿತು. 2002ರ ಆಗಸ್ಟ್‌ನಲ್ಲಿ ಕಾಮಗೆರೆಯ ಮನೆಯಿಂದ ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಅಪಹರಿಸಲಾಯಿತು. ಡಿಸೆಂಬರ್‌ನಲ್ಲಿ ಸಿಕ್ಕಿದ್ದು ಶವ. 2004ರ ಅಕ್ಟೋಬರ್ 18ರಂದು ವೀರಪ್ಪನ್ ಹತನಾಗುವವರೆಗೆ ಹನೂರು ಸೀಮೆಯ ಹೆಸರು ಹೊರಗಿನವರಿಗೆ ಭಯದ ಹೆಸರೇ ಆಗಿತ್ತು. ಬಂಡವಾಳ ಹೂಡುವವನೂ ಪ್ರವಾಸಿಯೂ ಇತ್ತ ತಲೆ ಹಾಕದ ಆ ವರ್ಷಗಳಲ್ಲಿಯೇ ಬೈಲಕುಪ್ಪೆ ಬೆಳೆದು ಪ್ರವಾಸಿ ತಾಣವಾಯಿತು. ಹಿಂದೆ ಬಿದ್ದ ಓಟವನ್ನು ಒಡೆಯರಪಾಳ್ಯ ಮತ್ತೆ ಸರಿಗಟ್ಟಲಾಗಲಿಲ್ಲ.

ಮುಸುಕಿನ ಜೋಳ, ರಾಗಿ ಇಲ್ಲಿಯ ಆಧಾರ. ಮುಸುಕಿನ ಜೋಳ ತೆನೆಗಟ್ಟುವ ಹೊತ್ತಿಗೆ ಆನೆ, ಕಾಡುಹಂದಿ ಹೊಲಕ್ಕೆ ಇಳಿಯುತ್ತವೆ. ಅಟ್ಟಣೆಯ ಮೇಲೆ ರಾತ್ರಿ ಕಾವಲು ತಪ್ಪಿದರೆ ಫಸಲು ಕೈಗೆ ಬರದು. ಮಲೆ ಮಹದೇಶ್ವರ ಅರಣ್ಯ 2013ರಲ್ಲಿ ವನ್ಯಜೀವಿಧಾಮವಾಯಿತು, ಅದಕ್ಕೂ ಮೊದಲೇ ಬಿಳಿಗಿರಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೆನಿಸಿತ್ತು. ಎರಡು ರಕ್ಷಿತಾರಣ್ಯಗಳ ನಡುವೆ ಬೇಸಾಯ ಮಾಡುವವನ ಪಾಡು ಟಿಬೆಟನ್ನನಿಗೂ ಪಕ್ಕದ ಹಳ್ಳಿಯ ರೈತನಿಗೂ ಒಂದೇ. ಹೊಲ ಕೈಕೊಟ್ಟ ವರ್ಷದ ಕೊರತೆಯನ್ನು ತುಂಬುತ್ತಿದ್ದುದು ಸ್ವೆಟರ್ ವ್ಯಾಪಾರ. ಲೂಧಿಯಾನದಿಂದ ಉಣ್ಣೆಯ ಉಡುಪು ತಂದು ಚಳಿಗಾಲದ ಮೂರ್ನಾಲ್ಕು ತಿಂಗಳು ದೂರದ ನಗರಗಳ ಪಾದಚಾರಿ ಮಾರ್ಗಗಳಲ್ಲಿ ಮಾರುವುದು ಭಾರತದ ಟಿಬೆಟನ್ನರ ಸಾಮಾನ್ಯ ಕಸುಬು. ಅಂದರೆ ಸರ್ಕಾರ ಕೊಟ್ಟ ನೆಲೆ ವರ್ಷಪೂರ್ತಿ ಅನ್ನ ಕೊಡುವ ನೆಲೆಯಾಗಿರಲಿಲ್ಲ. ಹೊರಗಿನ ನಗರದ ರುಚಿ ಮಕ್ಕಳಿಗೆ ಹತ್ತಿದ್ದು ಹೀಗೆ.

ಕಾಗದದ ಮೇಲಿನ ಊರು

ಟಿಬೆಟನ್ ಯುವಜನರು ಊರು ಬಿಡುವುದಕ್ಕೆ ಜೋಳದ ಬೆಲೆಯಷ್ಟೇ ಕಾರಣವೆಂದರೆ ಅರ್ಧ ಸತ್ಯ. ಇನ್ನರ್ಧ ಇರುವುದು ಕಾಗದಪತ್ರಗಳಲ್ಲಿ. ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಕಾನೂನಿನ ಕಣ್ಣಲ್ಲಿ ಟಿಬೆಟನ್ನರು ನೋಂದಣಿ ಪತ್ರ ಹೊಂದಿದ ವಿದೇಶಿಯರು. ಆ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಬೇಕು. ವಿದೇಶ ಪ್ರಯಾಣಕ್ಕೆ ಪಾಸ್‌ಪೋರ್ಟ್ ಬದಲು ಹಳದಿ ಬಣ್ಣದ ಗುರುತು ಪುಸ್ತಕ.

ಆದರೆ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚಿನವರೆಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ನಾಮ್‌ಗ್ಯಾಲ್ ಡೋಲ್ಕರ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2010ರ ಡಿಸೆಂಬರ್‌ನಲ್ಲಿ ಇದನ್ನು ಎತ್ತಿಹಿಡಿಯಿತು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಇದೇ ನಿಲುವು ತಳೆಯಿತು. 2014ರಲ್ಲಿ ಚುನಾವಣಾ ಆಯೋಗ ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. ಪರಿಣಾಮ ವಿಚಿತ್ರ. ಒಂದೇ ಮನೆಯಲ್ಲಿ, ನಿರಾಶ್ರಿತ ದಂಪತಿಗೆ 1986ರಲ್ಲಿ ಹುಟ್ಟಿದ ಅಣ್ಣ ಭಾರತೀಯ, 1988ರಲ್ಲಿ ಹುಟ್ಟಿದ ತಮ್ಮ ವಿದೇಶಿ. ಇಬ್ಬರೂ ಆಡಿದ್ದು ಒಂದೇ ಅಂಗಳದಲ್ಲಿ.

ಅಣ್ಣನಿಗೂ ದಾರಿ ಸಲೀಸಲ್ಲ. 2017ರಲ್ಲಿ ಪಾಸ್‌ಪೋರ್ಟ್ ಕೊಡಲು ಒಪ್ಪಿದ ಕೇಂದ್ರ ಸರ್ಕಾರ ಕೆಲವು ಷರತ್ತುಗಳನ್ನು ಮುಂದಿಟ್ಟಿತು: ನೋಂದಣಿ ಪತ್ರ ಹಿಂತಿರುಗಿಸಬೇಕು, ಟಿಬೆಟನ್ನರೆಂದು ಪಡೆಯುವ ಸೌಲಭ್ಯ ಬಿಡಬೇಕು, ಗೊತ್ತುಪಡಿಸಿದ ವಸತಿಯಲ್ಲಿ ವಾಸಿಸಬಾರದು. ಅಂದರೆ ದೇಶವನ್ನು ಪಡೆಯಲು ಊರನ್ನು ಬಿಡಬೇಕು. ಹೆತ್ತವರ ಮನೆಯಲ್ಲಿ ಉಳಿಯಬೇಕಾದರೆ ವಿದೇಶಿಯಾಗಿಯೇ ಉಳಿಯಬೇಕು. ಕುಟುಂಬದ ಒಗ್ಗಟ್ಟು, ಭಾಷೆ, ಮಠ ಎಲ್ಲವೂ ವಸತಿಯಲ್ಲಿ. ಬ್ಯಾಂಕ್ ಸಾಲ, ಸರ್ಕಾರಿ ನೌಕರಿ, ಆಸ್ತಿ ಖರೀದಿ ಹೊರಗೆ. ನಿರಾಶ್ರಿತರನ್ನು ಚದುರದಂತೆ ಕಾಪಾಡಲು ಹುಟ್ಟಿದ ವ್ಯವಸ್ಥೆಯೊಂದು ಅವರನ್ನು ಚದುರಿಸುವ ಒತ್ತಡವಾಗಿ ಮಾರ್ಪಟ್ಟಿರುವುದು ಹೀಗೆ. ಇದನ್ನು ರೂಪಿಸಿದವರು ಇಷ್ಟು ದೂರ ಯೋಚಿಸಿದ್ದರೇ ಎಂಬುದು ಅನುಮಾನ.

2014ರ ಅಕ್ಟೋಬರ್‌ನಲ್ಲಿ ಕೇಂದ್ರವು ಟಿಬೆಟನ್ ಪುನರ್ವಸತಿ ನೀತಿಯನ್ನು ಹೊರಡಿಸಿತು. ಭೂಮಿಗೆ 20 ವರ್ಷಗಳ ಗುತ್ತಿಗೆ, ಪಡಿತರ, ಉದ್ಯೋಗ ಖಾತರಿ, ವ್ಯಾಪಾರ ಪರವಾನಗಿ ಇವೆಲ್ಲ ಅದರಲ್ಲಿವೆ. ಮರುವರ್ಷ ವಸತಿಗಳ ಆಡಳಿತ ವೆಚ್ಚಕ್ಕೆ ಐದು ವರ್ಷಗಳಿಗೆ 40 ಕೋಟಿ ರೂಪಾಯಿ ನೆರವು ಮಂಜೂರಾಯಿತು. ನೀತಿ ಸದಾಶಯದ್ದು. ಆದರೆ ಗುತ್ತಿಗೆಯ ನೆಲದ ಮೇಲೆ ಕಾಂಕ್ರೀಟು ಸುರಿಯುವ ಧೈರ್ಯ ಎಷ್ಟು ಜನರಿಗೆ ಇದ್ದೀತು?

ಇದೇ ರಾಜ್ಯದಲ್ಲಿ ಇನ್ನೊಂದು ಉದಾಹರಣೆಯಿದೆ. 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದಂತೆ ಸಿಲೋನಿನಿಂದ 5,25,000 ಮಂದಿಯನ್ನು ಭಾರತಕ್ಕೆ ಕರೆಸಿಕೊಳ್ಳಬೇಕಿತ್ತು. ಹಾಗೆ ಬಂದ ತಮಿಳರಲ್ಲಿ ಕೆಲವರನ್ನು ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಿಗೆ ಕಳುಹಿಸಲಾಯಿತು. ಅವರ ಕೈಗೆ ಪೌರತ್ವ ಬಂತು, ಭೂಮಿ ಬರಲಿಲ್ಲ. ಟಿಬೆಟನ್ನರಿಗೆ ಭೂಮಿ ಸಿಕ್ಕಿತು, ಪೌರತ್ವ ಸಿಗಲಿಲ್ಲ.

ಎಲ್ಲಿಗೆ ಹೊರಟಿದ್ದಾರೆ?

ಮೊದಲ ನಿಲ್ದಾಣ ಬೆಂಗಳೂರು. ಬಿಡದಿ ಬಳಿಯ ಶೇಷಗಿರಿಹಳ್ಳಿಯಲ್ಲಿ ದಲೈ ಲಾಮಾ ಉನ್ನತ ಶಿಕ್ಷಣ ಸಂಸ್ಥೆಯಿದೆ. ಶುಶ್ರೂಷೆ, ಕಾಲ್ ಸೆಂಟರ್, ಹೋಟೆಲ್ ಉದ್ಯಮಗಳಲ್ಲಿ ಟಿಬೆಟನ್ ಯುವಕ-ಯುವತಿಯರು ಕಾಣಸಿಗುತ್ತಾರೆ. ಮುಂದಿನ ನಿಲ್ದಾಣ ಸಮುದ್ರದಾಚೆ. ಅಮೆರಿಕದ 1990ರ ವಲಸೆ ಕಾಯ್ದೆ ಸಾವಿರ ಟಿಬೆಟನ್ನರಿಗೆ ವೀಸಾ ನೀಡಿತು. ನ್ಯೂಯಾರ್ಕ್, ಮಿನ್ನಿಯಾಪೊಲಿಸ್ ಮುಂತಾದ ನಗರಗಳಲ್ಲಿ ಅವರು ನೆಲೆಸಿದ ಮೇಲೆ ಬಂಧುಗಳು ಹಿಂಬಾಲಿಸಿದರು. ಟೊರಾಂಟೊ ನಗರದ ಪಾರ್ಕ್‌ಡೇಲ್ ಬಡಾವಣೆ ಇನ್ನೊಂದು ಟಿಬೆಟ್ ಎನಿಸಿದೆ. ಇಲ್ಲಿ ಊರು ಆರಿಸುವವರು ಅವರೇ. ಆರಿಸುವ ರೀತಿಯೂ ಎಲ್ಲ ವಲಸಿಗರದೇ: ಅಕ್ಕನೋ ಸೋದರಮಾವನೋ ಮೊದಲು ಹೋದ ಊರು.

2009ರಲ್ಲಿ ಟಿಬೆಟನ್ ಆಡಳಿತವೇ ನಡೆಸಿದ ಗಣತಿಯಲ್ಲಿ ದೇಶಭ್ರಷ್ಟರ ಒಟ್ಟು ಸಂಖ್ಯೆ 1,27,935. ಅವರಲ್ಲಿ ಭಾರತದಲ್ಲಿದ್ದವರು 94,203. ಆ ಬಳಿಕ ಇಳಿಮುಖವೇ. 2021ರಲ್ಲಿ ಅಧಿಕಾರ ವಹಿಸಿಕೊಂಡ ಸಿಕ್ಯೋಂಗ್ ಪೆಂಪಾ ತ್ಸೆರಿಂಗ್ ಸ್ವತಃ ಬೈಲಕುಪ್ಪೆಯಲ್ಲಿ ಹುಟ್ಟಿದವರು. ಚದುರಿದ ಜನರನ್ನು ಒತ್ತಾಗಿ ನೆಲೆಗೊಳಿಸುವ ಮಾತನ್ನು ಅವರ ಆಡಳಿತ ಆಡಿತು. 2025ರ ಆರಂಭದಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿದಾಗ ವಸತಿಗಳ ಶಾಲೆ, ಆಸ್ಪತ್ರೆಗಳ ಯೋಜನೆಗಳಿಗೆ ಪೆಟ್ಟು ಬಿತ್ತು. ಆ ನೆರವಿನಲ್ಲಿ ಒಂದು ಭಾಗ ಅದೇ ವರ್ಷ ಮರಳಿತು. ದೂರದ ರಾಜಧಾನಿಯೊಂದರ ಸಹಿಯಿಂದ ಒಡೆಯರಪಾಳ್ಯದಂಥ ಊರುಗಳ ಔಷಧಿ ನಿಲ್ಲಬಹುದಾದರೆ ಯುವಕರು ಹೊರಡುವ ಯೋಚನೆ ಮಾಡುವುದು ಸಹಜ.

ಈ ತೆರವಿನ ಲೆಕ್ಕ ಹನೂರು ತಾಲ್ಲೂಕಿಗೂ ಬೇಕು. ಹೊಲದಲ್ಲಿ ದುಡಿಯುವವರು, ಅಂಗಡಿಗೆ ಸಾಮಾನು ಒದಗಿಸುವವರು, ಬಾಡಿಗೆ ವಾಹನ ಓಡಿಸುವವರು ಸುತ್ತಲಿನ ಹಳ್ಳಿಯವರು. ಅವರ ಮಕ್ಕಳೂ ಬೆಂಗಳೂರು, ಕೊಡಗಿನ ಕಾಫಿ ತೋಟ, ತಮಿಳುನಾಡಿನ ಜವಳಿ ಪಟ್ಟಣಗಳತ್ತ ಹೊರಟವರೇ. ಮುದುಕರು ಮತ್ತು ಭಿಕ್ಷುಗಳಷ್ಟೇ ಉಳಿದರೆ ಮೂರು ಸಾವಿರ ಎಕರೆಯನ್ನು ಉಳುವವರು ಯಾರು? ಗುತ್ತಿಗೆ ನೆಲ ಒಳಗುತ್ತಿಗೆಗೆ ಹೋದರೆ ತಕರಾರು ಹುಟ್ಟುತ್ತದೆ. ಬೀಳುಬಿಟ್ಟರೆ ಅರಣ್ಯ ಇಲಾಖೆ ತನ್ನದೆನ್ನಬಹುದು, ಭೂಮಿಯಿಲ್ಲದ ಸೋಲಿಗರು ಮತ್ತು ದಲಿತ ಕುಟುಂಬಗಳು ತಮಗೆ ಕೊಡಿ ಎನ್ನಬಹುದು. ಮೂರೂ ವಾದಗಳಿಗೆ ಬಲವಿದೆ.

2018ರಲ್ಲಿ ಕಾರ್ಯಾರಂಭ ಮಾಡಿದ ಹನೂರು ತಾಲ್ಲೂಕು ಆಡಳಿತದ ಮುಂದೆ ಈ ಪ್ರಶ್ನೆ ಇನ್ನೂ ಕಡತವಾಗಿ ಬಂದಿಲ್ಲದಿರಬಹುದು. ಆದರೆ 2014ರ ನೀತಿಯ ಗುತ್ತಿಗೆ ಅವಧಿ 20 ವರ್ಷ. ನೀತಿ ಬಂದಾಗಲೇ ಕರಾರಾದಲ್ಲಿ 2034ರ ಹೊತ್ತಿಗೆ ಅದನ್ನು ನವೀಕರಿಸಲು ಸಹಿ ಬೇಕು. ಆ ಸಹಿ ಹಾಕಲು ಎದುರಿಗೆ ಬಂದು ಕೂರುವವರ ವಯಸ್ಸು ಎಷ್ಟಿರುತ್ತದೆ ಎಂಬುದನ್ನು ಇಂದೇ ಊಹಿಸಬಹುದು.