ಪ್ಯಾಡ್ ಬದಲಾದರೆ ನಾದವೂ ಬದಲು

ಹೆಡ್‌ಫೋನಿನ ಇಯರ್ ಪ್ಯಾಡ್ ಎಂದರೆ ಕಿವಿಗೆ ನೋವಾಗದಿರಲಿ ಎಂದು ಇಟ್ಟ ಮೆತ್ತೆ ಎಂಬುದು ಸಾಮಾನ್ಯ ತಿಳಿವಳಿಕೆ. ಅದರ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. ಹೆಡ್‌ಫೋನಿನೊಳಗೆ ಶಬ್ದ ಹೊರಡಿಸುವ ಪುಟ್ಟ ಸ್ಪೀಕರಿಗೆ ಡ್ರೈವರ್ ಎನ್ನುತ್ತಾರೆ. ಈ ಡ್ರೈವರಿಗೂ ಕಿವಿಗೂ ನಡುವೆ ಗಾಳಿ ತುಂಬಿದ ಒಂದು ಪುಟ್ಟ ಕೋಣೆ ಇರುತ್ತದೆ. ಅದರ ಸುತ್ತಲಿನ ಗೋಡೆಯೇ ಪ್ಯಾಡ್. ಕೋಣೆ ಎಷ್ಟು ದೊಡ್ಡದು, ಗೋಡೆಯಲ್ಲಿ ಸಂದಿ ಇದೆಯೇ, ಗೋಡೆಯ ಮೈ ಶಬ್ದವನ್ನು ಹೀರುತ್ತದೋ ಹಿಂದಕ್ಕೆ ಕಳಿಸುತ್ತದೋ, ಡ್ರೈವರಿನಿಂದ ಕಿವಿ ಎಷ್ಟು ದೂರ ಎಂಬ ನಾಲ್ಕು ಸಂಗತಿಗಳೂ ಪ್ಯಾಡಿನ ಕೈಯಲ್ಲಿವೆ. ಹೀಗಾಗಿ ಡ್ರೈವರ್ ಅದೇ ಇದ್ದರೂ ಪ್ಯಾಡ್ ಬದಲಾದ ಹೆಡ್‌ಫೋನ್ ಬೇರೆಯದೇ ಹೆಡ್‌ಫೋನಿನಂತೆ ಕೇಳಿಸುತ್ತದೆ.

ಇವುಗಳಲ್ಲಿ ಮೊದಲು ಗಮನಿಸಬೇಕಾದ್ದು ಸಂದಿ. 50 ಹರ್ಟ್ಸ್‌ನ ಮಂದ್ರ ಸ್ವರದ ಅಲೆಯ ಉದ್ದ ಗಾಳಿಯಲ್ಲಿ ಸುಮಾರು 7 ಮೀಟರ್. ಅಷ್ಟುದ್ದದ ಅಲೆ ಹೆಡ್‌ಫೋನಿನ ಬಟ್ಟಲೊಳಗೆ ಅಲೆಯಾಗಿ ಹರಡುವುದು ಸಾಧ್ಯವಿಲ್ಲ. ಡ್ರೈವರ್ ಮುಂದೆ ಸರಿದಾಗ ಒಳಗಿನ ಗಾಳಿ ಒತ್ತುತ್ತದೆ, ಹಿಂದೆ ಸರಿದಾಗ ಸಡಿಲವಾಗುತ್ತದೆ. ಈ ಒತ್ತಡದ ಏರಿಳಿತವೇ ಕಿವಿಗೆ ಬೇಸ್ ಆಗಿ ಕೇಳಿಸುತ್ತದೆ. ಸೈಕಲ್ ಪಂಪಿನ ವಾಷರ್ ಸವೆದಿದ್ದರೆ ಮೆಲ್ಲಗೆ ಒತ್ತಿದಾಗ ಗಾಳಿಯೆಲ್ಲ ಪಕ್ಕದಿಂದ ಜಾರಿಹೋಗುತ್ತದೆ, ಜೋರಾಗಿ ಹೊಡೆದರೆ ಮಾತ್ರ ಅಷ್ಟಿಷ್ಟು ಒಳಗೆ ಹೋಗುತ್ತದೆ. ಪ್ಯಾಡಿನ ಸಂದಿಯಲ್ಲಿ ಆಗುವುದೂ ಅದೇ. ನಿಧಾನವಾಗಿ ಕಂಪಿಸುವ ಮಂದ್ರ ಸ್ವರಕ್ಕೆ ಸೋರಿಹೋಗಲು ಸಮಯ ಸಿಗುತ್ತದೆ, ವೇಗವಾಗಿ ಕಂಪಿಸುವ ತಾರ ಸ್ವರಕ್ಕೆ ಸಿಗುವುದಿಲ್ಲ. ಪ್ಯಾಡ್ ಸೋರಿದಾಗ ಬೇಸ್ ಮಾತ್ರ ಬಡವಾಗುವುದಕ್ಕೆ, ಉಳಿದ ದನಿ ಹೆಚ್ಚುಕಡಿಮೆ ಹಾಗೇ ಉಳಿಯುವುದಕ್ಕೆ ಇದೇ ಕಾರಣ.

ಸಂದಿ ಬೀಳಲು ದೊಡ್ಡ ಕಾರಣವೇನೂ ಬೇಕಿಲ್ಲ. ಕನ್ನಡಕದ ಕಡ್ಡಿ ಕಿವಿಯ ಮೇಲೆ ಹಾದುಹೋಗುವ ಕಡೆ ಪ್ಯಾಡ್ ಚರ್ಮಕ್ಕೆ ತಾಗದೆ ಸಣ್ಣ ಕಿಂಡಿಯೊಂದು ಉಳಿಯುತ್ತದೆ. ದಟ್ಟ ಕೂದಲು, ದಪ್ಪ ಓಲೆ, ಕಿವಿಯ ಹಿಂದೆ ದವಡೆ ಸೇರುವೆಡೆಯ ತಗ್ಗು ಕೂಡ ಇದೇ ಕೆಲಸ ಮಾಡುತ್ತವೆ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಹಿಂಬದಿ ಮುಚ್ಚಿರುವ ಹೆಡ್‌ಫೋನಿನಲ್ಲಿ ಮೃದಂಗದ ಎಡಗಡೆಯ ಪೆಟ್ಟು ಚೆನ್ನಾಗಿ ಕೇಳುವ ಕಛೇರಿಯೊಂದನ್ನು ಹಾಕಿ, ಎರಡೂ ಬಟ್ಟಲುಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಬೇಕು. ಒತ್ತಿದೊಡನೆ ಆ ಗುಂಕಾರ ತುಂಬಿಕೊಂಡು, ಕೈ ಬಿಟ್ಟೊಡನೆ ಸಪ್ಪೆಯಾದರೆ ಪ್ಯಾಡ್ ಸೋರುತ್ತಿದೆ ಎಂದರ್ಥ. ಕನ್ನಡಕ ಹಾಕುವವರಿಗೆ ಬಿಗಿಯಾದ ರೆಕ್ಸಿನ್ ಪ್ಯಾಡಿಗಿಂತ ಕಡ್ಡಿಯ ಸುತ್ತ ಬಾಗಿ ಕೂರುವ ಮೆತ್ತನೆಯ ಫೋಮಿನ ಪ್ಯಾಡ್ ಒಳ್ಳೆಯದು.

ಸೋರಿಕೆಯನ್ನೇ ಲೆಕ್ಕಕ್ಕೆ ತೆಗೆದುಕೊಂಡು ಕಟ್ಟಿದ ಹೆಡ್‌ಫೋನುಗಳೂ ಇವೆ. ಜರ್ಮನಿಯ ಸೆನ್‌ಹೈಸರ್ ಕಂಪನಿ 1968ರಲ್ಲಿ ಹೊರತಂದ ಎಚ್‌ಡಿ 414 ಹಿಂಬದಿ ತೆರೆದ ಮಾದರಿ. ಹಳದಿ ಸ್ಪಂಜಿನ ಪ್ಯಾಡಿನಿಂದಲೇ ಅದು ಹೆಸರಾಯಿತು. 1979ರ ಸೋನಿ ವಾಕ್‌ಮನ್ ಜೊತೆ ಬಂದ ಹಗುರ ಹೆಡ್‌ಫೋನಿಗೂ ಸ್ಪಂಜೇ ಇತ್ತು. ಇಂಥವು ಕಿವಿಯನ್ನು ಮುಚ್ಚುವುದಿಲ್ಲ. ಸೆಕೆಯಾಗುವುದಿಲ್ಲ, ದನಿ ತಲೆಯೊಳಗೆ ಕಟ್ಟಿಹಾಕಿದಂತೆ ಇರುವುದಿಲ್ಲ, ಆದರೆ ಹೊರಗಿನ ಗದ್ದಲ ಒಳಗೂ ಒಳಗಿನ ಹಾಡು ಹೊರಗೂ ಧಾರಾಳವಾಗಿ ಹರಿಯುತ್ತವೆ.

ಎರಡನೆಯದು ಪ್ಯಾಡಿನ ಮೈ. ರೆಕ್ಸಿನ್ ಅಥವಾ ಚರ್ಮದ ನುಣುಪು ಮೈ ಗಾಳಿಯನ್ನು ತಡೆಯುತ್ತದೆ, ತಾರ ಸ್ವರಗಳನ್ನು ಹಿಂದಕ್ಕೆ ಕಳಿಸುತ್ತದೆ. ಹಾಗಾಗಿ ಬೇಸ್ ಗಟ್ಟಿಯಾಗಿರುತ್ತದೆ, ಹೊರಗಿನ ಗದ್ದಲವೂ ಕಡಿಮೆ ಕೇಳಿಸುತ್ತದೆ. ಮಖಮಲ್ಲಿನಂಥ ವೆಲೂರ್ ಬಟ್ಟೆಯ ಮೂಲಕ ಗಾಳಿ ಆಡುತ್ತದೆ, ಅದರ ನವಿರಾದ ಎಳೆಗಳು ತಾರ ಸ್ವರದ ಸ್ವಲ್ಪ ಭಾಗವನ್ನು ಹೀರುತ್ತವೆ. ರೆಕ್ಸಿನ್ ಪ್ಯಾಡಿನ ಹೆಡ್‌ಫೋನಿಗೆ ವೆಲೂರ್ ಹಾಕಿದರೆ ಸಾಮಾನ್ಯವಾಗಿ ಬೇಸ್ ಇಳಿಯುತ್ತದೆ. ಸಣ್ಣ ರಂಧ್ರಗಳುಳ್ಳ ರೆಕ್ಸಿನ್ ಇವೆರಡರ ನಡುವೆ ನಿಲ್ಲುತ್ತದೆ. ಹಾಗೆಂದು ವೆಲೂರ್ ಎಂದರೆ ಬೇಸ್ ಇಲ್ಲ ಎಂದು ತೀರ್ಮಾನಿಸುವುದೂ ಸರಿಯಲ್ಲ. ಜರ್ಮನಿಯದೇ ಬೇಯರ್‌ಡೈನಾಮಿಕ್ ಕಂಪನಿಯ ಡಿಟಿ 770 ಪ್ರೋ ಸ್ಟುಡಿಯೋಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಅದು ಬೂದು ಬಣ್ಣದ ವೆಲೂರ್ ಪ್ಯಾಡಿನೊಂದಿಗೇ ಬರುತ್ತದೆ, ಬೇಸಿಗೂ ಹೆಸರುವಾಸಿ. ಅದರ ಡ್ರೈವರ್, ಬಟ್ಟಲು, ಗಾಳಿಕಿಂಡಿಗಳನ್ನೆಲ್ಲ ಆ ಪ್ಯಾಡಿಗೆ ಹೊಂದಿಸಿಯೇ ರೂಪಿಸಲಾಗಿದೆ. ಬಟ್ಟೆಯ ಗುಣಕ್ಕಿಂತ ಈ ಹೊಂದಾಣಿಕೆ ದೊಡ್ಡದು.

ಮೂರನೆಯದು ದೂರ ಮತ್ತು ಆಕಾರ. 10,000 ಹರ್ಟ್ಸ್‌ನ ಸ್ವರದ ಅಲೆ 3.4 ಸೆಂಟಿಮೀಟರ್ ಮಾತ್ರ. ಹೊರಕಿವಿಯ ಮಡಿಕೆಗಳ ಅಳತೆಯೂ ಸುಮಾರಾಗಿ ಅಷ್ಟೇ. ಆದ್ದರಿಂದ ಪ್ಯಾಡ್ ಕೆಲವೇ ಮಿಲಿಮೀಟರ್ ದಪ್ಪವಾದರೂ ತೆಳುವಾದರೂ ತಾರ ಸ್ವರಗಳು ಎಲ್ಲಿ ಏರುತ್ತವೆ, ಎಲ್ಲಿ ಇಳಿಯುತ್ತವೆ ಎಂಬುದು ಬದಲಾಗುತ್ತದೆ. ಹಾಡುಗಾರರ ಸಕಾರ, ತಾಳದ ಕಿಣಿಕಿಣಿ, ವೀಣೆಯ ಮೀಟಿನ ಮೊನೆಯಲ್ಲಿ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 1953ರಿಂದ ಇರುವ ಗ್ರಾಡೋ ಕಂಪನಿಯ ಹೆಡ್‌ಫೋನುಗಳು ಇದಕ್ಕೆ ಒಳ್ಳೆಯ ಉದಾಹರಣೆ. ಅವುಗಳ ಚಪ್ಪಟೆ ಸ್ಪಂಜು ಡ್ರೈವರನ್ನು ಕಿವಿಗೆ ಹತ್ತಿರ ತರುತ್ತದೆ, ದನಿ ಸಮೀಪದಿಂದ ತುಂಬಿಕೊಂಡು ಬರುತ್ತದೆ. ಅದೇ ಕಂಪನಿಯ ದೊಡ್ಡ ಬಟ್ಟಲಿನಾಕಾರದ ಸ್ಪಂಜು ಡ್ರೈವರನ್ನು ದೂರ ಸರಿಸುತ್ತದೆ, ದನಿಗೆ ಹರಹು ಬರುತ್ತದೆ, ಬೇಸ್ ತೆಳುವಾಗುತ್ತದೆ. ಹಿಂಭಾಗ ದಪ್ಪ, ಮುಂಭಾಗ ತೆಳು ಇರುವ ಓರೆ ಪ್ಯಾಡುಗಳೂ ಉಂಟು. ಅವು ಡ್ರೈವರನ್ನು ತುಸು ಮುಂದಿನಿಂದ ಕಿವಿಯತ್ತ ತಿರುಗಿಸುತ್ತವೆ.

ಶ್ರವಣ ಪರೀಕ್ಷೆಯ ಕೋಣೆಯಲ್ಲಿ ಈ ವಿಷಯದ ಗಾಂಭೀರ್ಯ ಕಾಣುತ್ತದೆ. ಅಲ್ಲಿ ಕೇಳುವ ಶಕ್ತಿಯನ್ನು ಅಳೆಯುವ ಆಡಿಯೋಮೀಟರಿನ ಇಯರ್‌ಫೋನನ್ನು ಅದರ ಪ್ಯಾಡಿನ ಸಮೇತ ಅಳೆದು ಹೊಂದಿಸಿರುತ್ತಾರೆ. ಪ್ಯಾಡ್ ಬೇರೆ ಹಾಕಿದರೆ ಆ ಅಳತೆ ಅಸಿಂಧು, ಮತ್ತೆ ಹೊಂದಿಸಲೇಬೇಕು. ಕಿವಿಯ ಮೇಲೆ ಕೂರುವ ಪ್ಯಾಡಿನ ಒತ್ತಡಕ್ಕೆ ಕೆಲವರಲ್ಲಿ, ಮುಖ್ಯವಾಗಿ ವಯಸ್ಸಾದವರಲ್ಲಿ, ಮೃದುವಾದ ಕಿವಿನಾಳ ಕುಸಿದು ಮುಚ್ಚಿಕೊಳ್ಳುವುದುಂಟು. ಆಗ ಇಲ್ಲದ ಕಿವುಡು ಇದೆಯೆಂದು ಪರೀಕ್ಷೆಯಲ್ಲಿ ಬರುತ್ತದೆ. ಇದನ್ನು ಬಲ್ಲ ತಜ್ಞರು ಅನುಮಾನ ಬಂದಾಗ ನಾಳದೊಳಗೆ ಕೂರುವ ಇಯರ್‌ಫೋನಿನಿಂದ ಮತ್ತೊಮ್ಮೆ ಪರೀಕ್ಷಿಸುತ್ತಾರೆ.

ಗದ್ದಲ ಅಳಿಸುವ ಹೆಡ್‌ಫೋನುಗಳಲ್ಲೂ ಪ್ಯಾಡಿನ ಪಾತ್ರ ದೊಡ್ಡದು. ಬಸ್ಸು, ವಿಮಾನಗಳ ಗುಂಯ್ ಎನ್ನುವ ಮಂದ್ರ ಸದ್ದನ್ನು ವಿದ್ಯುತ್ ಮಂಡಲ ಎದುರು ಶಬ್ದ ಹುಟ್ಟಿಸಿ ಅಳಿಸುತ್ತದೆ. ಮಾತು, ಪಾತ್ರೆಯ ಸದ್ದಿನಂಥ ಮೇಲಿನ ಶ್ರುತಿಯ ಗದ್ದಲವನ್ನು ಬಹುಪಾಲು ತಡೆಯುವುದು ಪ್ಯಾಡ್ ಮತ್ತು ಬಟ್ಟಲು. ಇದಕ್ಕಾಗಿ ಸದ್ದನ್ನು ಗ್ರಹಿಸುವ ಬಟ್ಟಲೊಳಗಿನ ಮೈಕ್ ಮೂಲ ಪ್ಯಾಡಿನ ಕೋಣೆಗೆ ತಕ್ಕಂತೆ ಹೊಂದಿಸಿದ್ದು. ಬೇರೆ ಪ್ಯಾಡ್ ಹಾಕಿದರೆ ಗದ್ದಲ ಅಳಿಸುವ ಶಕ್ತಿ ಕುಂದಬಹುದು.

ಇನ್ನು ಸುಖದ ಮಾತು. ಹೆಡ್‌ಬ್ಯಾಂಡಿನ ಬಿಗಿ ಎಷ್ಟೇ ಇರಲಿ, ಅದು ಎಷ್ಟು ಅಗಲದ ಜಾಗಕ್ಕೆ ಹಂಚಿಹೋಗುತ್ತದೆ ಎಂಬುದರ ಮೇಲೆ ನೋವು ನಿಂತಿದೆ. ಅಗಲವಾದ ಪ್ಯಾಡ್ ಒತ್ತಡವನ್ನು ಹರಡುತ್ತದೆ. ದಪ್ಪ ಪ್ಯಾಡ್ ಮೆತ್ತಗಿದ್ದರೂ ಹೆಡ್‌ಬ್ಯಾಂಡನ್ನು ಇನ್ನಷ್ಟು ಅಗಲಿಸುವುದರಿಂದ ಬಿಗಿ ಹೆಚ್ಚಾಗುತ್ತದೆ. ವಯಸ್ಕರ ಹೊರಕಿವಿಯ ಉದ್ದ ಸುಮಾರು 6 ಸೆಂಟಿಮೀಟರ್. ಪ್ಯಾಡಿನ ಒಳತೆರಪು ಅದಕ್ಕಿಂತ ದೊಡ್ಡದಿರಬೇಕು, ಕಿವಿಯ ತುದಿ ಡ್ರೈವರಿನ ಮೇಲಿನ ಬಟ್ಟೆಗೆ ತಾಗದಷ್ಟು ಆಳವೂ ಬೇಕು. ತಾಗಿದರೆ ಅರ್ಧ ಗಂಟೆಯಲ್ಲೇ ಉರಿ ಶುರುವಾಗುತ್ತದೆ. ಕೆಲವು ಪ್ಯಾಡುಗಳ ಒಳಗಿರುವ ಮೆಮೊರಿ ಫೋಮ್ ಮೂಲತಃ ಅಮೆರಿಕದ ನಾಸಾ ಸಂಸ್ಥೆಗಾಗಿ 1960ರ ದಶಕದಲ್ಲಿ ವಿಮಾನದ ಆಸನಗಳಿಗೆಂದು ರೂಪುಗೊಂಡದ್ದು. ಮೈಯ ಬಿಸಿಗೆ ಅದು ಮೆದುವಾಗಿ ತಲೆಯ ಆಕಾರಕ್ಕೆ ಕೂರುತ್ತದೆ, ಸಂದಿಯನ್ನೂ ಮುಚ್ಚುತ್ತದೆ. ಸೆಕೆಯ ವಿಷಯದಲ್ಲಿ ವೆಲೂರ್ ಮತ್ತು ಬಟ್ಟೆಯ ಪ್ಯಾಡುಗಳೇ ಮೇಲು. ರೆಕ್ಸಿನ್ ಬೆವರಿಳಿಸುತ್ತದೆ.

ನಮ್ಮ ಹವೆಯಲ್ಲಿ ರೆಕ್ಸಿನ್ನಿಗೆ ಇನ್ನೊಂದು ತೊಡಕಿದೆ. ಅದರ ಮೇಲಿನ ಪಾಲಿಯುರೆಥೇನ್ ಪದರವನ್ನು ತೇವ, ಬಿಸಿ, ಬೆವರು, ತಲೆಗೆಣ್ಣೆಗಳು ನಿಧಾನವಾಗಿ ಒಡೆಯುತ್ತವೆ. ಮೊದಲು ಮೈ ಅಂಟಂಟಾಗುತ್ತದೆ, ಆಮೇಲೆ ಸಣ್ಣ ಬಿರುಕುಗಳು, ಕೊನೆಗೆ ಕಿವಿಗೂ ಕೆನ್ನೆಗೂ ಕಪ್ಪು ಚೂರುಗಳು ಮೆತ್ತಿಕೊಳ್ಳುತ್ತವೆ. ಮಂಗಳೂರು, ಉಡುಪಿ, ಕಾರವಾರಗಳಂಥ ಕರಾವಳಿಯ ಊರುಗಳ ತೇವಕ್ಕೆ ಇದು ಇನ್ನೂ ಬೇಗ ಆಗುತ್ತದೆ. ಬಳಸದೆ ಪೆಟ್ಟಿಗೆಯಲ್ಲಿಟ್ಟರೂ ಬಿಡುವುದಿಲ್ಲ. ಸುಲಿದ ಪ್ಯಾಡಿನಲ್ಲಿ ಗಾಳಿ ಸೋರುತ್ತದೆ, ಕುಗ್ಗಿದ ಫೋಮು ಡ್ರೈವರನ್ನು ಕಿವಿಗೆ ಹತ್ತಿರ ತರುತ್ತದೆ. ಎರಡೂ ಮೆಲ್ಲಮೆಲ್ಲಗೆ ನಡೆಯುವುದರಿಂದ ಕೇಳುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಹೆಡ್‌ಫೋನಿಗೇ ವಯಸ್ಸಾಯಿತು ಎನ್ನಿಸುತ್ತದೆ. ಬಳಸಿದ ಮೇಲೆ ಒದ್ದೆ ಮಾಡಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಒರೆಸಿ ನೆರಳಲ್ಲಿ ಆರಿಸುವುದು ಒಳ್ಳೆಯ ರೂಢಿ. ರೆಕ್ಸಿನ್ನಿಗೆ ಸ್ಪಿರಿಟ್ ಹಚ್ಚಬಾರದು.

ಅಂಗಡಿಯಲ್ಲೋ ಆನ್‌ಲೈನಿನಲ್ಲೋ ಸಿಗುವ ಅಗ್ಗದ ಪ್ಯಾಡಿನ ಮೇಲೆ ‘ಈ ಮಾದರಿಗೆ ಹೊಂದುತ್ತದೆ’ ಎಂದು ಬರೆದಿದ್ದರೆ, ಅದು ಬಟ್ಟಲಿಗೆ ಕಚ್ಚಿಕೊಳ್ಳುತ್ತದೆ ಎಂದಷ್ಟೇ ಅರ್ಥ. ಮೂಲದ ನಾದ ಬೇಕೆನ್ನುವವರು ಮೂಲ ಕಂಪನಿಯ ಪ್ಯಾಡನ್ನೇ ಹಾಕಬೇಕು. ಬೇರೆ ಪ್ಯಾಡ್ ಬೇಕೆನ್ನುವವರು ಅದರ ದಪ್ಪ, ಒಳತೆರಪು, ಮೈಬಟ್ಟೆ ಮೂರನ್ನೂ ಹಳೆಯದರೊಂದಿಗೆ ಹೋಲಿಸಿ ಕೊಳ್ಳಬೇಕು. ಹಳೆಯ ಹೆಡ್‌ಫೋನಿನ ದನಿ ಸೊರಗಿತೆಂದು ಹೊಸದಕ್ಕೆ ಹಣ ತೆರುವ ಮುನ್ನ ಅದರ ಪ್ಯಾಡನ್ನೊಮ್ಮೆ ನೋಡಿ. ಎಷ್ಟೋ ಸಲ ಡ್ರೈವರ್ ಗಟ್ಟಿಮುಟ್ಟಾಗಿಯೇ ಇರುತ್ತದೆ, ಬದಲಿಸಬೇಕಾದ್ದು ಪ್ಯಾಡ್ ಮಾತ್ರ.